ರಸೀದಿಯ ಗಂಟು

ಕಾಡಿನ ಹಕ್ಕಿಗಳೆಲ್ಲ ಕಾಳು ಕೂಡಿಸಿ ನಡೆಸುತ್ತಿದ್ದ ಗೂಡು ನೇಯುವ ಶಾಲೆಗೆ ಹೊನ್ನಿ ಎಂಬ ಹೆಣ್ಣು ಗೀಜಗ ಸೇರಲು ಬಂದಳು.

“ನೇಯುವುದು ಗಂಡುಗಳ ಕೆಲಸ. ಗೂಡಿನ ತಪ್ಪು ನೋಡುವುದಷ್ಟೇ ನಿನ್ನದು,” ಎಂದು ಗೀಜಗ ಮೇಷ್ಟ್ರು ಬಾಗಿಲಲ್ಲೇ ತಡೆದರು.

“ಹಾಗಾದರೆ ನನ್ನ ದೂರು ತೆಗೆದುಕೊಳ್ಳಿ.”

“ಸುಮ್ಮನಿರೇ, ಮೇಷ್ಟ್ರನ್ನು ಎದುರು ಹಾಕಿಕೊಂಡರೆ ಒಂದೆಳೆ ನಾರೂ ಸಿಗಲ್ಲ,” ಎಂದು ಜೊತೆಗೆ ಬಂದಿದ್ದ ಗೆಳತಿಯರು ರೆಕ್ಕೆ ಹಿಡಿದೆಳೆದರು. ಹೊನ್ನಿ ಕದಲಲಿಲ್ಲ.

ದೂರು ಪಡೆದವರು ರಸೀದಿಯಾಗಿ ನಾರಿಗೊಂದು ಗಂಟು ಹಾಕಿ ಕೊಡಬೇಕೆಂಬುದು ಅಲ್ಲಿಯ ಕಟ್ಟಳೆ. ಮೇಷ್ಟ್ರು ಅವಸರದಲ್ಲಿ ಗಂಟು ಹಾಕಿ ಎಸೆದರು. ಹೊನ್ನಿ ಕೊಕ್ಕಿನಿಂದ ಎಳೆದು ನೋಡಿದಳು.

“ಸಡಿಲವಾಗಿದೆ ಮೇಷ್ಟ್ರೇ, ವಿಚಾರಣೆಯವರೆಗೆ ನಿಲ್ಲುವುದಿಲ್ಲ. ಕೆಳಗಿನ ಎಳೆಯನ್ನು ಮೊದಲು ಬಿಗಿಯಿರಿ.” ಹೀಗೆ ಮೂರು ಸಲ ಹಾಕಿಸಿದಳು.

ವಿಚಾರಣೆಗೆ ಕುಳಿತ ಆಮೆಯಜ್ಜ ರಸೀದಿ ನೋಡಿದ. “ಇಷ್ಟು ಗಟ್ಟಿ ಗಂಟು ಯಾರದು?”

“ನನ್ನದೇ,” ಎಂದು ಮೇಷ್ಟ್ರು ಎದೆಯುಬ್ಬಿಸಿದರು. ಆಮೇಲೆ ದನಿ ತಗ್ಗಿಸಿ, “ಇವಳು ತಿದ್ದಿದ ಮೇಲೆ,” ಎಂದರು.

“ನಿನ್ನ ಗಂಟನ್ನೇ ತಿದ್ದಬಲ್ಲವಳಿಗೆ ಕಲಿಯಲು ಜಾಗವಿಲ್ಲವೇ? ನಾಳೆಯಿಂದ ಇವಳಿಗೂ ನಾರು ಕೊಡಪ್ಪ.”

ಮೇಷ್ಟ್ರು ಗೊಣಗಿದರು: “ಇವಳೂ ನೇಯಲು ಕೂತರೆ ಗೂಡಿನ ತಪ್ಪು ನೋಡುವವರು ಯಾರು?”

“ಅದನ್ನು ನಿಮಗೆ ನಾನು ಕಲಿಸುತ್ತೇನೆ ಮೇಷ್ಟ್ರೇ,” ಎಂದಳು ಹೊನ್ನಿ.