ಎಂಟರ ಮೂಲ, ಹದಿನೆಂಟರ ಮೂಲ

ಹೊಳೆಯ ದಂಡೆಯ ಆಶ್ರಮದಲ್ಲಿ ಮಾಚಿಕಬ್ಬೆ ಗಣಿತ ಹೇಳಿಕೊಡುತ್ತಿದ್ದರು. ಶಿಷ್ಯರು ಅವರನ್ನು ಅಬ್ಬೆ ಎಂದೇ ಕರೆಯುತ್ತಿದ್ದರು.

ಒಂದು ಬೆಳಿಗ್ಗೆ ಶಿಷ್ಯ ಕೇತಣ ಸಿಟ್ಟಿನಿಂದ ಕುದಿಯುತ್ತ ಬಂದ.

“ಅಬ್ಬೆ, ನೀವು ಕಲಿಸಿದ ಲೆಕ್ಕ ಸುಳ್ಳು!”

“ಏನಾಯಿತು?”

“ಕರುಗಳಿಗೆಂದು ಅಕ್ಕಪಕ್ಕದಲ್ಲಿ ಎರಡು ಚೌಕದ ಗೂಡು ಕಟ್ಟಿದೆವಲ್ಲ, ಒಂದು ಎಂಟು ಚದರ ಮೊಳ, ಇನ್ನೊಂದು ಹದಿನೆಂಟು. ಎರಡರ ಮೇಲೂ ಹಾಯುವಂತೆ ಒಂದೇ ತೊಲೆ ಕೊಯ್ದೆ. ಗಿಡ್ಡವಾಯಿತು! ಇದ್ದೊಂದು ಒಳ್ಳೆ ಮರ ಹಾಳು. ಎಲ್ಲರೂ ನನ್ನನ್ನು ನೋಡಿ ನಗುತ್ತಿದ್ದಾರೆ.”

“ಉದ್ದ ಹೇಗೆ ಲೆಕ್ಕ ಹಾಕಿದೆ?”

“ಗೋಡೆಯ ಉದ್ದ ಅಂದರೆ ವರ್ಗಮೂಲ ತಾನೆ? ಎಂಟೂ ಹದಿನೆಂಟೂ ಸೇರಿ ಇಪ್ಪತ್ತಾರು. ಇಪ್ಪತ್ತಾರರ ಮೂಲದಷ್ಟು ಕೊಯ್ದೆ. ತಪ್ಪೇನಿದೆ?”

ಅಬ್ಬೆ ಮರಳಿನ ಮೇಲೆ ಎರಡು ಗೂಡುಗಳ ಚೌಕ ಬರೆದರು. ಮೊದಲನೆಯದನ್ನು ನಾಲ್ಕು ಸಣ್ಣ ಚೌಕಗಳಾಗಿ, ಎರಡನೆಯದನ್ನು ಒಂಬತ್ತಾಗಿ ಪಾಲು ಮಾಡಿದರು.

“ಒಂದೊಂದು ಸಣ್ಣ ಚೌಕ ಎಷ್ಟು?”

“ಎರಡು ಚದರ ಮೊಳ. ಎರಡು ಗೂಡಿನಲ್ಲೂ ಅಷ್ಟೇ.”

“ಅದರ ಬದಿ?”

“ಎರಡರ ಮೂಲ.”

“ಮೊದಲ ಗೂಡಿನ ಒಂದು ಗೋಡೆಯಲ್ಲಿ ಅಂಥ ಬದಿಗಳು ಎಷ್ಟು?”

“ಎರಡು. ಇನ್ನೊಂದರಲ್ಲಿ ಮೂರು.” ಹೇಳುತ್ತಲೇ ಕೇತಣನ ದನಿ ಇಳಿಯಿತು. “ಒಟ್ಟು ಐದು... ಎರಡರ ಮೂಲ ಐದು ಸಲ. ಏಳು ಮೊಳಕ್ಕೂ ತುಸು ಹೆಚ್ಚು. ನಾನು ಕೊಯ್ದದ್ದು ಐದು ಮೊಳ ಚಿಲ್ಲರೆ!”

ಇಳಿದ ಸಿಟ್ಟು ಮತ್ತೆ ಏರಿತು.

“ಇದನ್ನು ಮೊದಲೇ ಹೇಳಬಾರದಿತ್ತೇ?”

“ನೀನು ಬಂದದ್ದು ತೊಲೆ ಕೊಯ್ದ ಮೇಲೆ.”

ಕೇತಣ ಹಲ್ಲು ಕಚ್ಚಿಕೊಂಡ.

“ಆಯಿತು. ಆ ಸಾಲಿನಲ್ಲೇ ಹುಲ್ಲಿಡಲು ಮೂರು ಚದರ ಮೊಳದ ಇನ್ನೊಂದು ಚೌಕ ಇದೆ. ಅದರ ಮೂಲವನ್ನೂ ಇದರೊಳಗೇ ಸೇರಿಸಿಕೊಡಿ.”

“ಅದನ್ನು ಎರಡೆರಡರ ಚೌಕಗಳಾಗಿ ಪಾಲು ಮಾಡಲಾಗದು, ಇದರಲ್ಲಿ ಬೆರೆಯುವುದಿಲ್ಲ. ನಡುವೆ ಕೂಡುವ ಗುರುತು ಹಾಕಿ ಹಾಗೇ ಬಿಡು.”

“ಹಾಗೇ ಬಿಡುವುದೇ? ಅರ್ಧಕ್ಕೆ ನಿಲ್ಲಿಸಿದ್ದು ಒಂದು ಉತ್ತರವೇ? ಎಂಟೂ ಹದಿನೆಂಟೂ ಬೆರೆಯಬಹುದು, ಮೂರಕ್ಕೆ ಮಾತ್ರ ಆಗದು! ಇದೆಂಥ ಅನ್ಯಾಯ?”

ಅವನು ಮರಳನ್ನು ಒದ್ದ. ಚೌಕಗಳೆಲ್ಲ ಅಳಿಸಿಹೋದವು.

ಅಬ್ಬೆ ಮರಳು ಸವರಿ ಹೊಸದಾಗಿ ಬರೆದರು: ಎರಡರ ಮೂಲ ಐದು ಸಲ, ಅದರ ಪಕ್ಕದಲ್ಲಿ ಮೂರರ ಮೂಲ.

ಆಮೇಲೆ ತಲೆಯೆತ್ತಿ ಕೇಳಿದರು:

“ನಮ್ಮನ್ನು ಒಂದು ಮಾಡು ಎಂದು ಇವು ನಿನ್ನ ಹತ್ತಿರ ಬಂದಿದ್ದವೇ?”