ಬಣ್ಣ ಬಳಿಸಿಕೊಂಡ ಮಗ್ಗ

ಮುಚ್ಚಿಹೋಗಿದ್ದ ಬಟ್ಟೆ ಗಿರಣಿಯೊಂದನ್ನು ನಗರದವರು ಕಲಾಭವನ ಮಾಡಿದರು. ಉಳಿದ ಯಂತ್ರಗಳನ್ನೆಲ್ಲ ಗುಜರಿಗೆ ಹಾಕಿ, ಒಂದು ಹಳೆಯ ಮಗ್ಗವನ್ನು ಮಾತ್ರ ಇಟ್ಟುಕೊಂಡು, ಅದರ ಮೈತುಂಬ ಕಪ್ಪು ಬಣ್ಣ ಬಳಿದರು. ಮತ್ತೆ ನೇಯುವ ಯೋಗ ಬಂತೇನೋ ಎಂದು ಮಗ್ಗಕ್ಕೆ ಆಸೆ. ನಂಬಿಕೆ ಮಾತ್ರ ಹುಟ್ಟಲಿಲ್ಲ.

ತಲೆಯ ಮೇಲೆ ಹೊಸದಾಗಿ ತೂಗುಹಾಕಿದ್ದ ದೀಪ ಹೇಳಿತು: “ಅಜ್ಜಾ, ಮುಖ ಗಂಟಿಕ್ಕಬೇಡ. ನಾಳೆ ಆಯುಧಪೂಜೆ. ಮೊದಲ ಪೂಜೆ ನಿನಗೇ. ನಿನ್ನನ್ನು ಮತ್ತೆ ನಡೆಸುತ್ತಾರೆ, ನಂಬು.”

“ಆಗಲಿ, ಆಮೇಲೆ ನೋಡೋಣ,” ಎಂದಿತು ಮಗ್ಗ. ಗಿರಣಿ ನಡೆಯುತ್ತಿದ್ದಾಗ ಕೆಲಸಗಾರರು ಮೊದಲು ಎಣ್ಣೆ ಬಿಟ್ಟು, ಆಮೇಲೆ ಕುಂಕುಮ ಇಡುತ್ತಿದ್ದರು.

ಮರುದಿನ ಕುಂಕುಮ ಬಂತು, ಚೆಂಡುಹೂವಿನ ಹಾರ ಬಂತು, ಚಪ್ಪಾಳೆಯೂ ಬಿತ್ತು. ಗಿರಣಿಯ ಹಳೇ ಕೆಲಸಗಾರ ಮುನಿಯಲ್ಲಪ್ಪ ಎಣ್ಣೆ ಕುಪ್ಪಿ ತೆಗೆದ. ಭವನದ ಮೇಲ್ವಿಚಾರಕಿ ತಡೆದರು: “ಅಯ್ಯೋ, ಎಣ್ಣೆ ಬೇಡಪ್ಪಾ! ನೋಡೋಕೆ ಬಂದವರ ಬಟ್ಟೆಗೆ ಕಲೆಯಾದೀತು.”

ಎಲ್ಲರೂ ಹೋದ ಮೇಲೆ ದೀಪ ಕೇಳಿತು: “ಈಗಲಾದರೂ ನಂಬಿದೆಯಾ?”

“ಎಣ್ಣೆ ಬಿಡುವ ತೂತನ್ನೂ ಬಣ್ಣ ಬಳಿದು ಮುಚ್ಚಿದ್ದಾರೆ, ಬೆಳಕು ಹಾಕಿ ನೋಡು. ಊಟಕ್ಕೆ ಕರೆದವರು ಬಾಯಿ ಹೊಲಿಯುತ್ತಾರೇನಪ್ಪಾ?”

ದೀಪ ನೋಡಿತು. ಆಮೇಲೆ ತನ್ನ ಬೆಳಕನ್ನು ಮೆಲ್ಲಗೆ ಹಾರದ ಕಡೆಗೆ ಹೊರಳಿಸಿತು.