ಕುರಿತಲೆ ಸೀಳುವವನ ಪಾಲು

"ಹೆಗ್ಗೋಟೆಯ ಸಮಸ್ತ ಪ್ರಜೆಗಳಿಗೂ ಅರಸರ ಅಪ್ಪಣೆ ಏನೆಂದರೆ, ರಾಜಕುಮಾರಿ ಹೊನ್ನಾಜಿಯವರು ಮೂರು ಒಗಟು ಹೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ರಾಜಕುಮಾರಿಯನ್ನು ಕೊಟ್ಟು ಮದುವೆ, ಜೊತೆಗೆ ಅರ್ಧ ರಾಜ್ಯ. ತಪ್ಪಿದವನಿಗೆ ಹುಣ್ಣಿಮೆಯ ದಿನ ಶೂಲ. ಅಷ್ಟರೊಳಗೆ ಯಾರೂ ಬಿಡಿಸದಿದ್ದರೆ ಅದೇ ದಿನ ರಾಜವೈದ್ಯರು ರಾಜಕುಮಾರಿಯವರ ನಾಲಿಗೆಯ ಬುಡ ಕೊಯ್ಯುತ್ತಾರೆ."

ಡಂಗುರದ ಕೊನೆಯ ಮಾತಿಗೆ ಕಾರಣ ಇತ್ತು. ಎರಡು ವರ್ಷದ ಹಿಂದೆ ಹೊನ್ನಾಜಿ ಕುದುರೆಯಿಂದ ಹಿಂದಕ್ಕೆ ಬಿದ್ದು, ತಲೆಯ ಹಿಂಭಾಗ ಕೊಳದ ಮೆಟ್ಟಿಲಿಗೆ ಬಡಿದಿತ್ತು. ಗಾಯ ಮಾಯಿತು, ಮಾತು ಮಾತ್ರ ಸರಿಹೋಗಲಿಲ್ಲ. ಅಂದರೆ ಅವಳು ಮಾತು ಮರೆತಿರಲಿಲ್ಲ. ಪೆಟ್ಟಿಗೆಯಲ್ಲಿ ಮಡಿಸಿಟ್ಟ ಸೀರೆಗಳ ಹಾಗೆ ಮಾತುಗಳೆಲ್ಲ ಒಳಗೆ ಸರಿಯಾಗಿಯೇ ಇದ್ದವು. ಹೊರಗೆ ತರುವಾಗ ಒಂದು ಅಕ್ಷರ ಗಟ್ಟಿಯಾಗಿ ಸಿಡಿಯುತ್ತಿತ್ತು, ಇನ್ನೊಂದು ಗಂಟಲಲ್ಲೇ ನಿಲ್ಲುತ್ತಿತ್ತು, ಮೂರನೆಯದು ನಾಲ್ಕನೆಯದರ ಮೇಲೆ ಜಾರಿ ಬೀಳುತ್ತಿತ್ತು. ಕೇಳಿದವರು ಸೆರಗಿನ ಮರೆಯಲ್ಲಿ "ಹೆಂಡ ಕುಡಿದಿದ್ದಾಳೆ" ಅನ್ನುತ್ತಿದ್ದರು.

ರಾಜವೈದ್ಯ ದುಗ್ಗಣ ಪಂಡಿತ "ದೋಷ ನಾಲಿಗೆಯದು" ಎಂದ. ನಾಲಿಗೆಗೆ ಜಿಗಣೆ ಕಚ್ಚಿಸಿದ. ಕಪ್ಪೆಯ ಲೋಳೆ ಸವರಿದ. ಕತ್ತೆಯ ಗಂಜಲ ಕುಡಿಸಿದ. ಅವನಿಗೆ ಉಳಿದಿದ್ದು ಚಾಕು ಒಂದೇ. "ನನ್ನ ರೋಗ ಯಾವುದೆಂದು ಬಲ್ಲವನು ಒಬ್ಬನಾದರೂ ಇರಬಹುದು, ಹುಡುಕಲು ಬಿಡಿ" ಎಂದು ಅವಳು ತಂದೆಯ ಕಾಲು ಹಿಡಿದು ಈ ಒಗಟುಗಳ ಗಡುವು ಪಡೆದಿದ್ದಳು.

ಹುಣ್ಣಿಮೆಯ ಬೆಳಿಗ್ಗೆ ಬಂದೇಬಿಟ್ಟಿತು. ಪಂಡಿತ ಸಭೆಯಲ್ಲೇ ಚಾಕು ಮಸೆಯುತ್ತ ಕುಳಿತಿದ್ದ. ಹೊನ್ನಾಜಿ ತಡವರಿಸಿ ಹೇಳಿದ್ದನ್ನು, ಅವಳನ್ನು ಸಾಕಿದ ದಾದಿ ಬೋರಮ್ಮ ಬಿಡಿಸಿ ಹೇಳುತ್ತಿದ್ದಳು.

"ಒಂದು ತೊಟ್ಟೂ ಕುಡಿಯದೆ ತೂರಾಡುವುದು ಯಾವುದು?"

ಮೊದಲನೆಯ ರಾಜಕುಮಾರನ ಗಲ್ಲದ ಮೇಲೆ ಎಲೆಅಡಿಕೆಯ ಕೆಂಪು ರಸ ಇಳಿಯುತ್ತಿತ್ತು. "ದುಂಬಿ" ಎಂದ.

"ದುಂಬಿ ಜೇನು ಕುಡೀತದಲ್ಲಪ್ಪಾ" ಎಂದಳು ಬೋರಮ್ಮ. ಕಾವಲಿನವರು ಅವನನ್ನು ಎಳೆದೊಯ್ದರು.

ಎರಡನೆಯವನ ತಲೆಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. "ನಿಮ್ಮ ರೂಪ ಕಂಡ ನಾನೇ" ಎಂದು ಹಲ್ಲು ಕಿರಿದ. ಹೊನ್ನಾಜಿಗೆ ಕಪ್ಪೆಯ ಲೋಳೆ ಮತ್ತೆ ಬಾಯಿಗೆ ಬಂದಂತಾಯಿತು. ಅವನೂ ಸೆರೆಗೆ ಹೋದ.

ಮೂರನೆಯವನು ಕಿಸಕ್ಕನೆ ನಕ್ಕು, "ನಿಮ್ಮ ಮಾತು" ಎಂದ. ಸರಿಯಾಗಿತ್ತು. ಬೋರಮ್ಮ ಎರಡನೆಯದನ್ನು ಹೇಳಿದಳು.

"ವಾದ್ಯದವರೆಲ್ಲ ಬಂದಿದ್ದಾರೆ, ವಾದ್ಯಗಳೂ ಕೆಟ್ಟಿಲ್ಲ, ಆದರೂ ಕಚೇರಿ ಕೂಡುತ್ತಿಲ್ಲ. ಬಾರದವನು ಯಾರು?"

"ಹಾಡುವವಳು" ಎಂದ. ತಪ್ಪು. ಅವನ ನಗು ಅಲ್ಲಿಗೆ ನಿಂತಿತು.

ಆಗ ಬಾಗಿಲಿನಿಂದ ಸುಟ್ಟ ಉಣ್ಣೆಯ ನಾತ ಬಂತು, ಅದರ ಹಿಂದೆ ಒಬ್ಬ ಯುವಕ. ಅರಮನೆಯ ಅಡುಗೆಮನೆಯಲ್ಲಿ ಕುರಿತಲೆ ಸುಟ್ಟು ಸೀಳುವ ಈರಬೊಮ್ಮ. ಕೈಯಲ್ಲಿ ಮುಚ್ಚಿದ ಬುಟ್ಟಿ. ಸಭೆಯವರು ಮೂಗು ಮುಚ್ಚಿಕೊಂಡರು.

"ಅಡುಗೆಮನೆ ಹಿಂದಿದೆ ಕಣೋ" ಎಂದ ಪಂಡಿತ.

"ಗೊತ್ತು ಸ್ವಾಮಿ, ಅಲ್ಲಿಂದಲೇ ಬಂದೆ. ಬಾಗಿಲಲ್ಲಿ ನಿಂತು ಒಗಟು ಕೇಳಿಸ್ಕೊಂಡೆ." ಅವನು ಹೊನ್ನಾಜಿಯ ಕಡೆ ತಿರುಗಿದ. "ಮೊದಲನೇದು ತಮ್ಮ ಮಾತು, ಅಮ್ಮಣ್ಣಿ. ಎರಡನೇದು ತಾಳ ಹಾಕೋನು. ತುಟಿ, ನಾಲಿಗೆ, ಉಸಿರು ಎಲ್ಲಾ ಬಂದವೆ. ಯಾರು ಯಾವಾಗ, ಎಷ್ಟು ಅಂತ ಹೊಂದಿಸೋನು ಬಂದಿಲ್ಲ."

ಹೊನ್ನಾಜಿ ಸರಿಯೆಂದು ತಲೆಯಾಡಿಸಿದಳು. ಬೋರಮ್ಮ ಮೂರನೆಯದನ್ನು ಹೇಳಿದಳು. "ಆ ತಾಳದವನ ಮನೆ ಎಲ್ಲಿ? ಇದರ ಉತ್ತರ ನಾನು ಸಾಕಿದ ಈ ಮಗೂಗೂ ತಿಳೀದು. ಸಾಕ್ಷಿ ತೋರಿಸಬೇಕು."

"ಅಮ್ಮಣ್ಣಿ ನಾಲಿಗೆ ಕೊಯ್ಯೋದು ತಪ್ಪಿಸೋಕೆ ಅಂತಲೇ ಇದನ್ನ ತಂದೆ" ಎಂದು ಈರಬೊಮ್ಮ ಬುಟ್ಟಿಯಿಂದ ಸೀಳಿದ ಕುರಿತಲೆಯೊಂದನ್ನು ತೆಗೆದಿಟ್ಟ. ಒಬ್ಬ ಮಂತ್ರಿ ಅಂಗವಸ್ತ್ರದಲ್ಲೇ ವಾಂತಿ ಮಾಡಿಕೊಂಡ.

"ದೊಡ್ಡ ಮೆದುಳು ಅರಮನೆ ತಟ್ಟೆಗೆ, ಹಿಂದಿನ ಈ ಕಿರುಮೆದುಳು ಸೀಳಿದವನ ಪಾಲಿಗೆ. ಅಡುಗೆಮನೆ ಪದ್ಧತಿ ಹಾಗೆ. ಹನ್ನೆರಡು ವರ್ಷದಿಂದ ತಿಂತಿದ್ದೀನಿ. ಕೊಯ್ದರೆ ಒಳಗೆ ಬಿಳೀ ಮರ ಕವಲೊಡೆದ ಹಾಗೆ ಕಾಣ್ತದೆ. ಹೋದ ವರ್ಷ ಒಂದು ಟಗರು ಬಂಡೆಯಿಂದ ಬಿದ್ದು ತಲೆ ಹಿಂದಕ್ಕೆ ಪೆಟ್ಟಾಯ್ತು. ಕಾಲು ನಾಲ್ಕೂ ನೆಟ್ಟಗಿದ್ರೂ ತೂರಾಡ್ತಿತ್ತು. ಹುಲ್ಲಿಗೆ ಬಾಯಿ ಹಾಕಿದ್ರೆ ಪಕ್ಕದ ಕಲ್ಲು ಕಚ್ತಿತ್ತು. ಕೂಗು ತುಂಡು ತುಂಡು. ಕೊನೆಗೆ ಅದರ ತಲೆ ನಾನು ಸೀಳೋ ಕೊರಡಿಗೇ ಬಂತು. ದೊಡ್ಡ ಮೆದುಳು ಚೆನ್ನಾಗಿತ್ತು. ನನ್ನ ಪಾಲು ಮಾತ್ರ ಕರ್ರಗೆ ಕೊಳೆತಿತ್ತು, ತಿನ್ನೋಕಾಗಲಿಲ್ಲ. ಅದಕ್ಕೇ ನೆನಪಿದೆ."

"ಕುರಿಗೂ ರಾಜಕುಮಾರಿಗೂ ಹೋಲಿಕೆಯೋ?" ಪಂಡಿತ ಎದ್ದು ನಿಂತ.

"ಅಮ್ಮಣ್ಣಿ, ಬೆರಳಲ್ಲಿ ಮೂಗಿನ ತುದಿ ಮುಟ್ಟಿ."

ಎರಡು ವರ್ಷದಿಂದ ಹೊನ್ನಾಜಿ ಬಲಗೈಯನ್ನು ಸೆರಗಿನೊಳಗೆ ಬಚ್ಚಿಟ್ಟಿದ್ದಳು. ಈಗ ಹೊರತೆಗೆದಳು. ಮೂಗು ಹತ್ತಿರವಾದಷ್ಟೂ ಬೆರಳು ಅತ್ತಿತ್ತ ಹೊಯ್ದಾಡಿ, ಕೊನೆಗೆ ಕೆನ್ನೆಗೆ ಚುಚ್ಚಿತು.

"ನಾಲಿಗೆ ಒಂದೇ ಕೆಟ್ಟಿದ್ರೆ ಬೆರಳು ಯಾಕೆ ದಾರಿ ತಪ್ಪಬೇಕು ಪಂಡಿತ್ರೇ? ಅದನ್ನೂ ಕೊಯ್ತೀರಾ?"

ಈಗ ಎಲ್ಲರಿಗೂ ಅರ್ಥವಾಯಿತು. ಮಾತನ್ನು ಹುಟ್ಟಿಸುವುದು ಕಿರುಮೆದುಳಲ್ಲ. ಹುಟ್ಟಿದ ಮಾತು ಸರಾಗವಾಗಿ ಹೊರಬರುವಂತೆ ತುಟಿ, ನಾಲಿಗೆ, ಉಸಿರುಗಳ ಹೊತ್ತು ಮತ್ತು ಅಳತೆಯನ್ನು ಹೊಂದಿಸುವುದು ಅದು. ಬೆರಳಿಗೂ ಕಾಲಿಗೂ ಅದೇ ತಾಳಗಾರ.

"ವಾಸಿಯಾಗುತ್ತದೆಯೇ?" ಅರಸ ಕೇಳಿದ.

"ಅದು ನಂಗೆ ತಿಳೀದು ಬುದ್ಧಿ. ಆ ಟಗರು ನಿಧಾನಕ್ಕೆ ಬಾಯಿ ಹಾಕಿದಾಗ ಹುಲ್ಲು ಸಿಗ್ತಿತ್ತು. ಒಳಗಿನ ತಾಳ ಕೆಟ್ಟರೆ ಹೊರಗೊಂದು ಹಾಕ್ಕೊಂಡು ನೋಡಬಹುದೇನೋ."

ಹೊನ್ನಾಜಿ ಪೀಠದ ತೋಳಿನ ಮೇಲೆ ಅಂಗೈಯಿಂದ ತಟ್ಟಿದಳು. ಒಂದು ತಟ್ಟಿಗೆ ಒಂದೇ ಅಕ್ಷರ.

"ಚಾ. ಕು. ಬಿ. ಸಾ. ಕಿ."

ಬೋರಮ್ಮ ಬಿಡಿಸಿ ಹೇಳಬೇಕಾಗಿ ಬರಲಿಲ್ಲ. ಚಾಕು ಕಿಟಕಿಯಿಂದಾಚೆ ಹೋಯಿತು.

ಸೆರೆಯಲ್ಲಿದ್ದವರನ್ನು ಹೊನ್ನಾಜಿ ಬಿಡಿಸಿದಳು, ಮುಖ ತೊಳೆದುಕೊಂಡು ಹೋಗಿರೆಂದು ಹೇಳಿಸಿದಳು. ಈರಬೊಮ್ಮನಿಗೆ ಅರ್ಧ ರಾಜ್ಯ ಸಿಕ್ಕಿತು. ಮದುವೆಗೆ ಮಾತ್ರ ಅವನು ಹಿಂಜರಿದು, "ನನ್ನ ಮೈ ನಾತ, ಅಮ್ಮಣ್ಣಿ" ಎಂದ. ಜಿಗಣೆ, ಕಪ್ಪೆ, ಗಂಜಲ ಕಂಡವಳಿಗೆ ಸುಟ್ಟ ಉಣ್ಣೆಯ ವಾಸನೆ ಏನೂ ಅನ್ನಿಸಲಿಲ್ಲ. ಎರಡು ತಟ್ಟು ತಟ್ಟಿದಳು. "ಇ. ರಲಿ."

ಕೊನೆಯ ಅಕ್ಷರ ಜಾರಿತು. ಯಾರೂ ನಗಲಿಲ್ಲ.

ದುಗ್ಗಣ ಪಂಡಿತ ಈಗ ಅಡುಗೆಮನೆಯ ಹಿಂದೆ ಕುರಿತಲೆ ಸೀಳುತ್ತಾನೆ. ಪದ್ಧತಿಯಂತೆ ಹಿಂದಿನ ತುಂಡು ಅವನ ಪಾಲು. ತಿನ್ನುವ ಮೊದಲು ಪ್ರತಿದಿನ ಅದನ್ನು ಕೊಯ್ದು, ಒಳಗಿನ ಬಿಳೀ ಮರವನ್ನು ಚೆನ್ನಾಗಿ ನೋಡಬೇಕೆಂದು ಈಗ ರಾಣಿಯಾದ ಹೊನ್ನಾಜಿಯ ಅಪ್ಪಣೆಯಾಗಿದೆ.